ಒಂಬತ್ತನೆಯ ಹಾಸಿಗೆಯ ಸದ್ದು

ನಮ್ಮ ಮನೆಗೆ ಸರ್ಕಾರದ ಎರಡು ಸಂಬಳ ಬರುತ್ತವೆ. ಸೊಸೆ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಮಗ ಊರಾಚೆಯ ರಾಕೆಟ್ ಕೇಂದ್ರದಲ್ಲಿ ಸೋರಿಕೆ ನೋಡುವವನು. ರಾಕೆಟ್ಟಿನ ಕೊಳವೆಗಳ ಕೀಲುಕೀಲಿಗೂ ಸೋಪಿನ ನೀರು ಹಚ್ಚಿ, ಎಲ್ಲಿಯಾದರೂ ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಮಿಟುಕಿಸದೆ ಕಾಯುವುದು ಅವನ ಕೆಲಸ. ಹನ್ನೊಂದು ವರ್ಷ ಗಂಡಹೆಂಡತಿ ಇಬ್ಬರೂ ಒಂದೇ ಪಾತ್ರೆಯಿಂದ ಬುತ್ತಿ ತುಂಬಿಕೊಂಡು ಒಂದೇ ಬಸ್ಸಿನಲ್ಲಿ ಹೋಗಿ ಬಂದರು. ಈ ಎರಡು ಸಂಬಳ ಒಂದಕ್ಕೊಂದು ಆಗದವು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ನನ್ನ ಹೆಂಡತಿ ತೀರಿಕೊಂಡ ಎರಡು ತಿಂಗಳಿಗೆ ಹೊಳೆಯಿತು.

ಬೆಳಗಿನ ತಿಂಡಿಯ ಹೊತ್ತಿಗೆ ನಾನು ಪತ್ರಿಕೆ ಗಟ್ಟಿಯಾಗಿ ಓದುವುದು ಹಳೆಯ ರೂಢಿ. ಅವಳಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅವಳು ಹೋದ ಮೇಲೂ ರೂಢಿ ನಿಲ್ಲಲಿಲ್ಲ. ಆ ದಿನ ಸರ್ಕಾರದ ವರ್ಷದ ಆಯವ್ಯಯ ಅಚ್ಚಾಗಿತ್ತು. ಹೊಸ ರಾಕೆಟ್ಟಿಗೆ ಇಷ್ಟು ಎಂದು ಓದಲು ಹೋಗಿ ಸೊನ್ನೆಗಳಲ್ಲಿ ಎರಡು ಸಲ ದಾರಿ ತಪ್ಪಿದೆ.

“ಆಸ್ಪತ್ರೆಗೆಷ್ಟು ಮಾವ?” ಎಂದಳು ಸೊಸೆ, ಒಲೆಯ ಕಡೆಯಿಂದ ತಿರುಗದೆ.

“ಹೋದ ವರ್ಷದಷ್ಟೇ ಅಂತ ಬರೆದಿದ್ದಾರಮ್ಮ.”

ಅವಳು ಸೌಟು ಕೆಳಗಿಟ್ಟಳು. “ನಮ್ಮ ಆಕ್ಸಿಜನ್ ಪೈಪಿನ ಕಾಗದ ಮೂರನೇ ಸಲ ವಾಪಸ್ ಬಂತು. ಅನುದಾನ ಇಲ್ಲ ಅಂತ ಕೆಂಪು ಶಾಯೀಲಿ ಬರೆದು ಕಳಿಸಿದ್ದಾರೆ. ಆಕಾಶಕ್ಕೆ ಏಣಿ ಹಾಕೋಕೆ ಮಾತ್ರ ಇದೆ.”

“ಏಣಿ ಅಲ್ಲ, ಉಪಗ್ರಹ,” ಎಂದ ಮಗ. “ಬಿರುಗಾಳಿ ಬರೋದನ್ನ ನಾಲ್ಕು ದಿನ ಮೊದಲೇ ಹೇಳತ್ತೆ.”

“ನನ್ನ ವಾರ್ಡಿಗೆ ಬಿರುಗಾಳಿ ಬರಲ್ಲ ರೀ. ಉಸಿರಿಲ್ಲದೋರು ಬರ್ತಾರೆ.”

“ಬಿರುಗಾಳಿ ಹೊಡೆದ್ರೆ ಜನ ಎಲ್ಲಿಗೆ ಬರ್ತಾರೆ? ನಿನ್ನ ವಾರ್ಡಿಗೇ.”

“ಬಂದೋರನ್ನ ಮಲಗಿಸೋಕೆ ಮಂಚ ಬೇಕಲ್ಲ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.”

“ಜುಟ್ಟು ಕತ್ತರಿಸಿದ್ರೆ ಹೊಟ್ಟೆ ತುಂಬತ್ತಾ? ರಾಕೆಟ್ ನಿಂತ್ರೆ ಆ ದುಡ್ಡು ನಿಮಗೆ ಬರತ್ತೆ ಅಂದ್ಕೊಂಡಿದ್ದೀಯಾ? ಯಾವನೋ ಮಂತ್ರಿ ಮನೆ ಮುಂದೆ ರಸ್ತೆ ಆಗತ್ತೆ, ಅಷ್ಟೆ.”

ನಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಪ್ರಶ್ನೆಪತ್ರಿಕೆ ಎಂದು ಕರೆಯುತ್ತೇವೆ. ಅವಳು ಹಾಲಿನ ಲೋಟದಿಂದ ಮುಖ ಎತ್ತಿ, “ಅಜ್ಜಿಗೆ ಯಾವುದು ಬೇಕಾಗಿತ್ತು ಅಜ್ಜ, ಆಸ್ಪತ್ರೆನಾ, ರಾಕೆಟ್ಟಾ?” ಎಂದಳು.

ಆ ದಿನ ಸೊಸೆ ಒಂದು ಬಸ್ಸು ಮೊದಲೇ ಹೊರಟಳು. ಬುತ್ತಿಯನ್ನು ಬೇರೆ ಕಟ್ಟಿಕೊಂಡಿದ್ದಳು.

ನನ್ನ ಹೆಂಡತಿ ಹನ್ನೊಂದು ದಿನ ಆ ಆಸ್ಪತ್ರೆಯಲ್ಲಿದ್ದಳು. ಶ್ವಾಸಕೋಶದ ಕಾಯಿಲೆ. ಹಾಸಿಗೆಯ ಸಂಖ್ಯೆ ಒಂಬತ್ತು, ಕಿಟಕಿಯ ಪಕ್ಕದ್ದು. ಸೊಸೆಯ ದಾಕ್ಷಿಣ್ಯಕ್ಕೆ ನನಗೆ ಹಗಲೆಲ್ಲ ಕೂರಲು ಬಿಟ್ಟಿದ್ದರು. ಪುಸ್ತಕಗಳಿಗೆ ರಟ್ಟು ಕಟ್ಟುತ್ತ ನಲವತ್ತು ವರ್ಷ ಕಳೆದವನು ನಾನು. ಕೈ ಸುಮ್ಮನಿದ್ದರೆ ಆಗದು. ಜಪದ ಮಣಿಮಾಲೆ ಹಿಡಿದು ಕೂರುತ್ತಿದ್ದೆ. ಅವಳ ತಲೆಯ ಮೇಲೆ ಗೋಡೆಯಿಂದ ಆಕ್ಸಿಜನ್ ಬರುವ ಕಡೆ ಸ್ಸ್ ಎಂದು ಒಂದು ಸಣ್ಣ ಸದ್ದು ಬಿಡದೆ ಬರುತ್ತಿತ್ತು. ಎರಡನೆಯ ದಿನಕ್ಕೆ ನನ್ನ ಜಪ ಅದರ ಜೊತೆ ಹೊಂದಿಕೊಂಡಿತು. “ಕೇಳಿಸ್ತಾ? ನಮ್ಮ ಜೊತೆ ಇನ್ನೊಬ್ಬರು ಹೇಳ್ತಿದ್ದಾರೆ,” ಎಂದೆ. ಆಕ್ಸಿಜನ್ ಮಾಸ್ಕಿನೊಳಗೆ ಅವಳು ನಕ್ಕಂತೆ ಕಂಡಿತು.

ನಾಲ್ಕನೆಯ ದಿನ ಮಗ ಪಾಳಿ ಮುಗಿಸಿ ಬಂದ. ಬಂದವನೇ ಗೋಡೆಯ ಕಡೆ ಕಿವಿ ತಿರುಗಿಸಿ, “ಅಪ್ಪ, ಇದೇನು ಸದ್ದು?” ಎಂದು ಎದ್ದು ನಿಂತ.

“ಇರಲಿ ಬಿಡೋ. ನಮಗೆ ಜೊತೆಗಿದೆ ಅದು. ಕೂತ್ಕೋ, ಅಮ್ಮನ ಹತ್ರ ಮಾತಾಡು.”

ಅವನು ಕೂತ. ಅಮ್ಮನ ಕಾಲು ಒತ್ತಿದ. ಅದಾಗಿ ಏಳನೆಯ ದಿನ ಬೆಳಿಗ್ಗೆ ಅವಳು ಹೋದಳು. ಸೋರುವುದು ಎಂಬ ಮಾತು ಆಗ ನನ್ನ ತಲೆಗೆ ಬಂದಿರಲಿಲ್ಲ. ದೇವರು ಕೊಟ್ಟ ಜೊತೆ ಎಂದೇ ತಿಳಿದಿದ್ದೆ.

ಮಗನ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಒಂದೊಂದು ಕೀಲಿಗೂ ಹತ್ತು ನಿಮಿಷ ಕಾಯಬೇಕು. ಗುಳ್ಳೆ ಏಳದಿದ್ದರೂ ‘ಸೋರಿಕೆ ಇಲ್ಲ’ ಎಂದು ಬರೆಯುವಂತಿಲ್ಲ. ‘ಕಾಣಲಿಲ್ಲ’ ಎಂದೇ ಬರೆಯಬೇಕು. ಇಲ್ಲ ಎನ್ನಲು ನೀನ್ಯಾರು ಎಂದು ಹೊಸದಾಗಿ ಸೇರಿದವರನ್ನು ಅಲ್ಲಿ ಗದರಿಸುತ್ತಾರಂತೆ. ಈ ಮಾತು ನಮ್ಮ ಮನೆಯಲ್ಲಿ ತಮಾಷೆಯಾಗಿಬಿಟ್ಟಿತ್ತು. “ಹೋಂವರ್ಕ್ ಇಲ್ವಾ?” ಎಂದರೆ ಪ್ರಶ್ನೆಪತ್ರಿಕೆ, “ಕಾಣಲಿಲ್ಲ” ಎನ್ನುವಳು. ಸಕ್ಕರೆ ಮುಗಿದಿದೆಯೇ ಎಂದರೆ ನನ್ನ ಹೆಂಡತಿಯೂ, “ಡಬ್ಬೀಲಿ ಕಾಣಲಿಲ್ಲ” ಎಂದು ಮಗನ ಕಡೆ ನೋಡಿ ನಗುವಳು.

ಆಯವ್ಯಯ ಓದಿದ ವಾರ ನಗು ಇರಲಿಲ್ಲ. ತಟ್ಟೆಗಳ ಸದ್ದು ಜಾಸ್ತಿಯಾಯಿತು. ಮಗ ತನ್ನ ಬಟ್ಟೆ ತಾನೇ ಒಗೆದುಕೊಂಡ, ಅದೂ ಕಾಲರಿನ ಕೊಳೆ ಹೋಗದ ಹಾಗೆ. ತರಕಾರಿ ಹೆಚ್ಚುವ ಕೆಲಸ ನನ್ನದಾಯಿತು. ರಟ್ಟು ಕತ್ತರಿಸಿದ ಕೈಗೆ ಕ್ಯಾರೆಟ್ಟೂ ಚೌಕವಾಗಿಯೇ ಬರುತ್ತಿತ್ತು.

ಭಾನುವಾರ ಮಗಳು ಬಂದಳು. ಅವಳು ಎರಡು ಬೀದಿಯಾಚೆ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅಣ್ಣನಿಗಿಂತ ನಾಲ್ಕು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಎಲ್ಲರಿಗಿಂತ ದೊಡ್ಡದು. ತಾಯಿ ಹೋದಾಗಿನಿಂದ ಅದು ಇನ್ನೂ ಹರಿತವಾಗಿತ್ತು. ಊಟಕ್ಕೆ ಕೂತು ಮೊದಲ ತುತ್ತಿಗೇ ಶುರುಮಾಡಿದಳು.

“ಮನೇಲೇ ನರ್ಸ್ ಇದ್ದೂ ನಮ್ಮಮ್ಮ ಮೂಲೇಲಿ ಬಿದ್ದು ಸತ್ತಳು.”

“ಮೂಲೆ ಅಲ್ಲ,” ಎಂದಳು ಸೊಸೆ. “ಒಂಬತ್ತು ಇಡೀ ವಾರ್ಡಲ್ಲೇ ಒಳ್ಳೆ ಹಾಸಿಗೆ. ಕಿಟಕಿ ಇದೆ, ನಮ್ಮ ಮೇಜಿಗೆ ಹತ್ರ. ನಾನೇ ಜಗಳ ಆಡಿ ಕೊಡಿಸಿದ್ದು.”

“ಹಾಸಿಗೆ ಕೊಡಿಸಿದ್ರಿ ಅತ್ತಿಗೆ, ಉಸಿರು ಕೊಡಿಸೋಕಾಗಲಿಲ್ಲ.”

“ಏ, ಸಾಕು,” ಎಂದ ಮಗ.

“ಸಾಕಾಗಲ್ಲ. ನೀನಂತೂ ಚಂದ್ರನ ಕಡೆ ಬಾಯಿ ತೆರೆದುಕೊಂಡು ಕೂತಿದ್ದೆ.”

ಸೊಸೆ ತಟ್ಟೆ ಸರಿಸಿದಳು. ಅಳುವಳೆಂದು ನಾನು ಹೆದರಿದೆ. ಅವಳು ಗಂಡನ ಕಡೆ ತಿರುಗಿದಳು. “ನಿಮಗೆ ಸೋರೋದು ಕಾಣತ್ತಲ್ಲ, ಬನ್ನಿ ನಮ್ಮ ವಾರ್ಡಿಗೆ. ಟ್ಯಾಂಕಿಂದ ಹೊರಡೋ ಆಕ್ಸಿಜನ್ನಲ್ಲಿ ಮೂರನೇ ಒಂದು ಪಾಲು ಎಲ್ಲಿ ಹೋಗತ್ತೆ ಅಂತ ಹುಡುಕಿ ಕೊಡಿ. ಹೊಸ ಪೈಪಿಗೆ ಕಾಗದ ಬರೆದು ಬರೆದು ನನ್ನ ಬೆರಳು ಸವೀತು.”

“ಅಲ್ಲಿಂದ ಒಂದು ಬ್ರಷ್ ಕೂಡ ಹೊರಗೆ ತರೋ ಹಾಗಿಲ್ಲ ಕಣೆ. ಗೇಟಲ್ಲಿ ಜೇಬು ತಡವ್ತಾರೆ.”

“ಮಾವನ ಗಡ್ಡದ ಬ್ರಷ್ ಇದೆಯಲ್ಲ.”

ಅಷ್ಟು ಹೊತ್ತಿಗೆ ಮೊದಲ ಬಾರಿಗೆ ಮಗಳ ತುಟಿ ಅಲುಗಿತು. ಪ್ರಶ್ನೆಪತ್ರಿಕೆ ಓಡಿಹೋಗಿ ಬ್ರಷ್ಷು ತಂದಳು.

ಬುಧವಾರ ಮಗನಿಗೆ ವಾರದ ರಜೆ. ಅವನು ಬ್ರಷ್ಷನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದ. “ಎಣ್ಣೆಯ ಪಸೆ ಇರಬಾರದು ಅಪ್ಪ. ಆಕ್ಸಿಜನ್ನಿಗೆ ಎಣ್ಣೆ ಸೇರಿದ್ರೆ ಬೆಂಕಿ.” ಲೋಟದಲ್ಲಿ ಸೋಪಿನ ನೀರು ಕದಡಿ ನನ್ನ ಕೈಗೆ ಕೊಟ್ಟ. ಹೆಂಡತಿ ಹೋದ ಮೇಲೆ ನಾನು ಆ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಲೋಟ ಹಿಡಿಯಲು ಯಾರಾದರೂ ಬೇಕಲ್ಲ ಎಂದು ಹೊರಟೆ.

ವಾರ್ಡಿನ ಹಿರಿಯ ಸಿಸ್ಟರು ಮಗನನ್ನು ಮೇಲಿಂದ ಕೆಳಗೆ ನೋಡಿದರು. “ಹೊರಗಿನವರು ಪೈಪು ಮುಟ್ಟೋ ಹಾಗಿಲ್ಲ,” ಎಂದರು. ಆಮೇಲೆ ಕನ್ನಡಕ ತೆಗೆದು ಡ್ರಾಯರಿಗೆ ಹಾಕಿದರು. “ನನಗೆ ಹನ್ನೊಂದು ಗಂಟೆವರೆಗೂ ಏನೂ ಕಾಣಿಸಲ್ಲ.”

ಮಗ ಕೆಲಸದ ಜಾಗದ ರೂಢಿಯಂತೆ ಫೋನನ್ನೂ ಗಡಿಯಾರವನ್ನೂ ಅದೇ ಡ್ರಾಯರಿಗೆ ಹಾಕಿದ. ಗೋಡೆಯ ಗಡಿಯಾರ ಎಂದೋ ನಿಂತಿತ್ತು. “ಹತ್ತು ನಿಮಿಷ ಹೇಗೆ ಗೊತ್ತಾಗತ್ತೆ?” ಎಂದು ಪೇಚಾಡಿದ.

“ನನ್ನ ಮಾಲೆ ಒಂದು ಸುತ್ತಿಗೆ ಸರಿಯಾಗಿ ಹತ್ತು ನಿಮಿಷ,” ಎಂದೆ. “ನಲವತ್ತು ವರ್ಷದಿಂದ ಒಂದು ಮಣಿ ಹಿಂದೆ ಮುಂದೆ ಆಗಿಲ್ಲ.”

ಮೊದಲ ಹಾಸಿಗೆಯಿಂದ ಶುರುವಾಯಿತು. ಅವನು ಕೀಲಿಗೆ ನೊರೆ ಹಚ್ಚುವನು, ನಾನು ಮಾಲೆ ತಿರುಗಿಸುವೆ, ಇಬ್ಬರೂ ಮಾತಿಲ್ಲದೆ ನಿಲ್ಲುವೆವು. ರೋಗಿಗಳು ನಮ್ಮನ್ನು ಯಾವುದೋ ಪ್ರಾರ್ಥನೆಯ ಕೂಟದವರು ಎಂದುಕೊಂಡರು. ಒಬ್ಬಾಕೆ ನನ್ನನ್ನು ಕಂಡು ಕೈ ಮುಗಿದಳು. ಎರಡರಲ್ಲಿ ಕಾಣಲಿಲ್ಲ. ಮೂರರಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ. ಎಲ್ಲ ಹಾಸಿಗೆಗೂ ಹೊತ್ತು ಸಾಲದೆಂದು ಸೊಸೆ ಹೆಚ್ಚು ಅನುಮಾನವಿದ್ದ ಕಡೆ ಗುರುತು ಹಾಕಿಟ್ಟಿದ್ದಳು. ಒಂಬತ್ತಕ್ಕೆ ಗುರುತಿರಲಿಲ್ಲ. ಆದರೂ ಮಗ ಅಲ್ಲಿಗೆ ಬಂದು ನಿಂತ. ನನಗೂ ಕೇಳಿಸಿತು. ಅದೇ ಸದ್ದು.

ಅಲ್ಲಿ ಒಬ್ಬ ಬಸ್ ಕಂಡಕ್ಟರ್ ಮಲಗಿದ್ದ. ಬ್ರಷ್ಷು ನೋಡಿ, “ನನಗೆ ಶೇವಿಂಗ್ ಬೇಡಪ್ಪ, ಬೆಳಿಗ್ಗೆ ಆಗಿದೆ,” ಎಂದ.

“ಈ ಸದ್ದು ಯಾವಾಗಿಂದ ಇದೆ?” ಎಂದು ಮಗ ಕೇಳಿದ.

“ಅದಾ? ನಾನು ಬಂದಾಗಿಂದ. ಟಿಕೆಟ್ ಇಲ್ಲದೆ ಹತ್ತಿದ ಹಾವು ಅಂದ್ಕೊಂಡಿದ್ದೆ.”

ಮಗ ನೊರೆ ಹಚ್ಚಿದ. ಮಾಲೆ ತಿರುಗಿಸುವ ಅಗತ್ಯವೇ ಬೀಳಲಿಲ್ಲ. ಹಾಲು ಉಕ್ಕಿದಂತೆ ನೊರೆ ಉಬ್ಬಿ, ನಿಂಬೆಹಣ್ಣಿನಷ್ಟಾಗಿ ಒಡೆದು, ಮತ್ತೆ ಉಬ್ಬಿತು. ಅವನು ಕೊಳವೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ.

“ಸಿಕ್ತಾ?” ಎಂದಳು ಸೊಸೆ, ವಾರ್ಡಿನ ಆ ತುದಿಯಿಂದ.

“ಸಿಕ್ತು,” ಎಂದ. “ಸಣ್ಣದು.”

ಸೊಸೆ ಕಂಡಕ್ಟರನಿಗೆ ಸಿಲಿಂಡರ್ ಜೋಡಿಸಿ ಆ ಹಾಸಿಗೆಯ ಕವಾಟ ಮುಚ್ಚಿದಳು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಉಂಗುರ ಸೀಳಿ ಎರಡಾಗಿತ್ತು. ಮಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಉಗ್ರಾಣಕ್ಕೆ ಹೋದ, ನಾನೂ ಹಿಂದೆ ಹೋದೆ. ಉಗ್ರಾಣದವನು ಬಿಸ್ಕತ್ತು ಚಹಾಕ್ಕೆ ಅದ್ದುತ್ತಿದ್ದ. ಉಂಗುರ ನೋಡಿ, ಕಾಲಿನಿಂದಲೇ ಕೆಳಗಿನ ಡ್ರಾಯರ್ ಎಳೆದ. ಒಳಗೆ ಡಬ್ಬಿ ತುಂಬ ಅಂಥವೇ ಉಂಗುರಗಳು, ಆಕ್ಸಿಜನ್ನಿಗೆಂದೇ ಮಾಡಿದವು, ಕಾಗದದ ಪೊಟ್ಟಣ ಒಡೆಯದೆ ಹಾಗೇ ಇದ್ದವು.

“ಇದು ಇಲ್ಲೇ ಇತ್ತಾ?” ಎಂದ ಮಗ.

“ನಾಲ್ಕು ವರ್ಷದಿಂದ ಇದೆ.”

“ಯಾಕೆ ಕೊಡಲಿಲ್ಲ?”

“ಯಾರು ಕೇಳಿದ್ರು ಸ್ವಾಮಿ? ಎಲ್ಲರೂ ಹೊಸ ಪೈಪು ಹೊಸ ಪೈಪು ಅಂತ ಮೇಲಕ್ಕೆ ಕಾಗದ ಬರೆದ್ರು. ಉಂಗುರ ಬೇಕು ಅಂತ ಒಬ್ಬರೂ ಬರೀಲಿಲ್ಲ. ಪೈಪಿನ ಮೇಸ್ತ್ರಿ ಇದ್ದಾಗ ಅವನೇ ಬಂದು ತಗೊಂಡು ಹೋಗ್ತಿದ್ದ. ಅವನು ನಿವೃತ್ತಿ ಆದ. ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.” ಅಷ್ಟರಲ್ಲಿ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅವನು ಅದನ್ನೇ ನೋಡುತ್ತ ಕೂತ.

ಹೊಸ ಉಂಗುರ ಕೂರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಸದ್ದು ನಿಂತಿತು. “ಅಯ್ಯೋ, ನನ್ನ ಹಾವು!” ಎಂದ ಕಂಡಕ್ಟರ್. ನನ್ನ ಕೈಯಲ್ಲಿ ಮಣಿ ಎಲ್ಲಿತ್ತೆಂದು ಮರೆತುಹೋಯಿತು. ಮೊದಲಿನಿಂದ ಎಣಿಸಬೇಕಾಯಿತು.

ಬಸ್ಸಿನಲ್ಲಿ ಮಗ ಇಳಿಯುವ ಮುಂಚೆ ಹೇಳಿದ: “ಅಪ್ಪ, ಅಮ್ಮ ಇದ್ದಾಗಲೂ ಅದು ಸೋರ್ತಿತ್ತು ಅಂತ ಅವಳಿಗೆ ಹೇಳಬೇಡಿ.”

“ಯಾಕೋ?”

“ಜಗಳ ಆಡಿ ಆ ಹಾಸಿಗೆ ಕೊಡಿಸಿದ್ದು ಅವಳು.”

“ಎದ್ದವನನ್ನು ಕೂರಿಸಿದ್ದು ನಾನಲ್ವೇನೋ.”

“ಅದನ್ನೂ ಹೇಳಬೇಡಿ,” ಎಂದ.

ಮನೆಯಲ್ಲಿ ಜಗಳ ನಿಲ್ಲುತ್ತದೆ ಎಂದುಕೊಂಡಿದ್ದೆ. ಅದು ದಿಕ್ಕು ಬದಲಿಸಿತು, ಅಷ್ಟೆ.

“ಉಂಗುರ ಡ್ರಾಯರಲ್ಲೇ ಇತ್ತು,” ಎಂದ ಮಗ, ಮೊಟ್ಟೆ ಸುಲಿಯುತ್ತ. “ಒಂದು ಚಹಾದ ಬೆಲೆ ಇಲ್ಲ ಅದಕ್ಕೆ. ನನ್ನ ರಾಕೆಟ್ಟಿಗೂ ಇದಕ್ಕೂ ಏನು ಸಂಬಂಧ? ದುಡ್ಡಿನ ಮಾತೇ ಅಲ್ಲ ಇದು.”

“ಡ್ರಾಯರ್ ತೆಗೆಯೋ ಮನುಷ್ಯ ಇರಲಿಲ್ಲವಲ್ಲ. ಮನುಷ್ಯನಿಗೆ ಸಂಬಳ ಬೇಡ್ವಾ? ನಾಲ್ಕು ವರ್ಷದಿಂದ ಆ ಜಾಗ ಖಾಲಿ. ಕೇಳಿದ್ರೆ ಅನುದಾನ ಇಲ್ಲ. ಇದು ದುಡ್ಡಿನ ಮಾತಲ್ದೆ ಇನ್ನೇನು?”

“ನಿಮ್ಮೋರು ಉಂಗುರ ಅಂತ ಒಂದು ಸಾಲು ಬರೀಬಹುದಿತ್ತು.”

“ನಲವತ್ತು ರೋಗಿಗೆ ಇಬ್ಬರು ನರ್ಸು. ಅವರು ಪೈಪಿನ ಹೊಟ್ಟೆ ಬಗೆದು ನೋಡ್ಬೇಕಿತ್ತಾ? ನಿಮ್ಮಲ್ಲಿ ಒಂದು ಗುಳ್ಳೆ ನೋಡೋಕೆ ಎಷ್ಟು ಜನ?”

ಮಗ ಮೊಟ್ಟೆಯ ಕೊನೆಯ ಚೂರು ಸಿಪ್ಪೆ ತೆಗೆದ. ಆಮೇಲೆ ನಿಜ ಹೇಳಿದ. “ಮೂವರು. ಒಬ್ಬರು ನೋಡಿದ್ದನ್ನ ಇನ್ನೊಬ್ಬರು, ಅವರು ನೋಡಿದ್ದನ್ನ ಮತ್ತೊಬ್ಬರು.”

ಅವಳು ಗೆದ್ದವಳಂತೆ ಕಾಣಲಿಲ್ಲ. ಅವನು ಸುಲಿದ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿದ. ಅವಳು ಅದನ್ನು ಪ್ರಶ್ನೆಪತ್ರಿಕೆಯ ತಟ್ಟೆಗೆ ಹಾಕಿದಳು.

“ಅಜ್ಜ, ಯಾರು ಗೆದ್ರು?” ಎಂದಳು ಪ್ರಶ್ನೆಪತ್ರಿಕೆ ನನ್ನ ಕಿವಿಯಲ್ಲಿ.

“ಗೊತ್ತಿಲ್ಲಮ್ಮ.”

ನಿಜವಾಗಿಯೂ ಗೊತ್ತಿರಲಿಲ್ಲ. ಮಗನ ಮಾತು ಕೇಳುವಾಗ ಮಗ ಸರಿ, ಸೊಸೆಯ ಮಾತು ಕೇಳುವಾಗ ಸೊಸೆ ಸರಿ. ಇಬ್ಬರೂ ಮಲಗಿದ ಮೇಲೆ ಯಾರದೂ ಸರಿಯಿಲ್ಲ. ದೇವರ ಮುಂದೆ ಕೂತರೆ ಕಿವಿ ಗೋಡೆಯ ಕಡೆಗೇ ಹೋಗುತ್ತಿತ್ತು. ನಮ್ಮ ಮನೆಯ ಗೋಡೆಯೊಳಗೆ ಯಾವ ಕೊಳವೆಯೂ ಇಲ್ಲ. ಜಪ ಶುರುಮಾಡಿ ಏಳೆಂಟು ಮಣಿಗೇ ಬಿಟ್ಟುಬಿಡುತ್ತಿದ್ದೆ.

ಮುಂದಿನ ವಾರ ರಾಕೆಟ್ಟು ಹಾರಬೇಕಿತ್ತು. ಪತ್ರಿಕೆಯಲ್ಲಿ ದಿನ, ಗಂಟೆ, ನಿಮಿಷ ಎಲ್ಲ ಬಂದಿತ್ತು. ಶಾಲೆಗೆ ರಜೆ ಕೊಟ್ಟಿದ್ದರು. ನಮ್ಮ ಬೀದಿಯ ಮಾಳಿಗೆಗಳ ಮೇಲೆ ಕುರ್ಚಿಗಳು ಏರಿದ್ದವು. ಹತ್ತು ಗಂಟೆಗೆ ಏನೂ ಏಳಲಿಲ್ಲ, ಹನ್ನೊಂದಕ್ಕೂ ಇಲ್ಲ. ಮಧ್ಯಾಹ್ನ ಮಗ ಮನೆಗೆ ಬಂದು ಚಪ್ಪಲಿ ಬಿಡದೆ ಜಗಲಿಯ ಮೇಲೆ ಕೂತ.

“ಒಂದು ಗುಳ್ಳೆ,” ಎಂದ. “ಕೊನೇ ಕೀಲು. ಒಂಬತ್ತನೇ ನಿಮಿಷದಲ್ಲಿ ಒಂದೇ ಒಂದು. ನಾನು ಕಂಡಿತು ಅಂತ ಬರೆದೆ. ಆರುನೂರು ಜನ ಕೈ ಕಟ್ಟಿ ನಿಂತರು. ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಎರಡು ವಾರ.”

“ಬೈದ್ರಾ?”

“ಇಲ್ಲ ಅಪ್ಪ. ಕೈ ಕುಲುಕಿದ್ರು.”

ಸೊಸೆ ಪಾಳಿ ಮುಗಿಸಿ ಬಂದು ಈ ಸುದ್ದಿ ಕೇಳಿದಳು. ಕುಟುಕುತ್ತಾಳೆ ಎಂದು ನಾವಿಬ್ಬರೂ ಕಾದೆವು. ಅವಳು ಕೈಚೀಲ ಹೆಗಲಿನಿಂದ ಇಳಿಸದೆ ನಿಂತೇ ಇದ್ದಳು. “ಒಂದು ಗುಳ್ಳೆಗೆ ನಿಲ್ಲಿಸಿದ್ರಾ?” ಎಂದಳು. “ಸರಿಯಾಗೇ ಮಾಡಿದ್ರಿ. ನಿಲ್ಲಿಸೋರು ಎಲ್ಲಾ ಕಡೆ ಇರಬೇಕಾಗಿತ್ತು.” ಒಳಗೆ ಹೋಗಿ ಚಹಾಕ್ಕಿಟ್ಟಳು. ಆ ದಿನ ಮೂರು ಲೋಟ ಒಂದೇ ತಟ್ಟೆಯಲ್ಲಿ ಬಂದವು.

ಭಾನುವಾರ ಮಗಳು ಬಂದಳು. ಬರುವಾಗಲೇ ಮಾತು ಮಸೆದುಕೊಂಡು ಬಂದಿದ್ದಳು.

“ಅಣ್ಣನ ಒಂದು ಗುಳ್ಳೆಗೆ ದೇಶವೇ ನಿಂತಿತಂತೆ. ನಮ್ಮಮ್ಮ ಹನ್ನೊಂದು ದಿನ ಏದುಸಿರು ಬಿಟ್ಟರೂ ಅತ್ತಿಗೆಯ ಆಸ್ಪತ್ರೇಲಿ ಒಬ್ಬರೂ ನಿಂತು ನೋಡಲಿಲ್ಲ.”

“ನಾನು ನಿಂತು ನೋಡ್ತಿದ್ದೆ,” ಎಂದಳು ಸೊಸೆ ಮೆಲ್ಲಗೆ. ಆಮೇಲೆ ಯಾವುದೋ ಲೆಕ್ಕ ತಪ್ಪಿದವಳಂತೆ ಗಂಡನ ಕಡೆ ನೋಡಿದಳು. “ರೀ, ಒಂಬತ್ತರಲ್ಲಿ ಸಿಕ್ತಲ್ಲ, ಅದು ಯಾವಾಗಿಂದ ಸೋರ್ತಿತ್ತು? ಅತ್ತೆ ಇದ್ದಾಗ ಇತ್ತಾ?”

“ಇರಲಿಲ್ಲ,” ಎಂದ ಮಗ.

“ಅಪ್ಪಾ!” ಎಂದಳು ಪ್ರಶ್ನೆಪತ್ರಿಕೆ. “ಹಾಗನ್ನೋ ಹಾಗಿಲ್ಲ. ಕಾಣಲಿಲ್ಲ ಅನ್ನಬೇಕು.”

ಮಗ ತಟ್ಟೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು. ಚಿಕ್ಕಂದಿನಿಂದಲೂ ಹಾಗೆ, ಸುಳ್ಳು ಹೇಳಿದರೆ ಮೊದಲು ಕಿವಿ ಕೆಂಪಾಗುತ್ತದೆ. ಅದನ್ನು ಕಂಡುಹಿಡಿದವಳು ಅವನ ತಾಯಿ.

“ಇತ್ತು,” ಎಂದೆ ನಾನು.

ನಾಲ್ವರೂ ನನ್ನ ಕಡೆ ತಿರುಗಿದರು.

“ಮೊದಲ ದಿನದಿಂದ ಇತ್ತು. ನಾನು ಕೇಳಿಸ್ಕೊಂಡಿದ್ದೆ. ಜಪಕ್ಕೆ ಜೊತೆ ಅಂದ್ಕೊಂಡೆ. ಅವಳಿಗೂ ಹಾಗೇ ಹೇಳಿದೆ. ಇವನು ಬಂದು ಏನು ಸದ್ದು ಅಂತ ಎದ್ದ. ನಾನೇ ಕೂತ್ಕೋ ಅಂದೆ.” ಕೈಯಲ್ಲಿದ್ದ ತುತ್ತನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ತಟ್ಟೆಗೆ ಇಟ್ಟೆ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡ ಮಗಳೇ. ಬೈಯೋದಾದ್ರೆ ನನ್ನ ಬೈ.”

ಸೊಸೆ ಎದ್ದು ಹೋಗಿ ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದಳು. ನೀರಿನ ಸದ್ದು ಬಹಳ ಹೊತ್ತು ಬಂತು. ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು.

“ಅತ್ತೆ ಬೆರಳಿಗೆ ಕ್ಲಿಪ್ ಹಾಕಿದ್ವಲ್ಲ, ಗಂಟೆಗೊಂದು ಸಲ ಅದನ್ನ ನೋಡಿ ಬರೀತಿದ್ದವಳು ನಾನು. ಕೊನೇ ಎರಡು ದಿನ ಆಕ್ಸಿಜನ್ ಇಳೀತಾ ಬಂತು. ಟ್ಯಾಂಕ್ ಖಾಲಿಯಾಗ್ತಿದೆ ಅಂತ ನಾನಂದ್ಕೊಂಡೆ. ಕಾಯಿಲೆ ಹೆಚ್ಚಿದೆ ಅಂತ ಡಾಕ್ಟರ್ ಅಂದ್ಕೊಂಡ್ರು. ನೀವು ದೇವರು ಅಂದ್ಕೊಂಡ್ರಿ.”

“ಅದರಿಂದ್ಲೇ ಹೋದಳೇನಮ್ಮ?”

ಅವಳು ನರ್ಸು. ದಿನಕ್ಕೆ ಹತ್ತು ಮನೆಯವರಿಗೆ ಹತ್ತು ಸಮಾಧಾನ ಹೇಳುವವಳು. ನನಗೂ ಒಂದು ಹೇಳಬಹುದಿತ್ತು.

“ಅದರಿಂದ ಅಂತ ಹೇಳೋಕಾಗಲ್ಲ ಮಾವ,” ಎಂದಳು. “ಅಲ್ಲ ಅಂತಾನೂ ನಾನು ಹೇಳಲ್ಲ.”

ಮಗಳು ಎದ್ದಳು. ಹೋಗಿಬಿಡುತ್ತಾಳೆ ಎಂದುಕೊಂಡೆ. ಅವಳು ಸೊಸೆಯ ತಟ್ಟೆ ತೆಗೆದುಕೊಂಡು, ಆರಿದ ಅನ್ನವನ್ನು ಬದಿಗೆ ಸರಿಸಿ, ಬಿಸಿಯದು ಹಾಕಿದಳು. “ಅತ್ತಿಗೆ, ಕೂತು ತಿನ್ನಿ,” ಎಂದಳು. ಧ್ವನಿ ಗಡುಸಾಗಿಯೇ ಇತ್ತು. ನನ್ನ ಕಡೆ ಮಾತ್ರ ಅವಳು ಆ ದಿನ ನೋಡಲಿಲ್ಲ. ಮುಂದಿನ ಭಾನುವಾರವೂ ನೋಡಲಿಲ್ಲ. ಹೊಲಿಗೆಯ ಗಿರಾಕಿಗಳಿಗೆ ಹೇಳುವಂತೆ, “ಅಪ್ಪನಿಗೆ ಇನ್ನೊಂದು ಸ್ವಲ್ಪ ಬೇಕಾ ಕೇಳಿ,” ಎಂದು ಸೊಸೆಯ ಮೂಲಕ ಕೇಳಿಸಿದಳು.

ಆ ಸೋಮವಾರ ನಾನು ಬ್ರಷ್ಷು, ಲೋಟ ತೆಗೆದುಕೊಂಡು ಒಬ್ಬನೇ ಬಸ್ಸು ಹತ್ತಿದೆ. ಹಿರಿಯ ಸಿಸ್ಟರು ನನ್ನನ್ನು ನೋಡಿ, “ಈಗ ನಿಮ್ಮ ಮನೆಯವರು ಯಾರೂ ಇಲ್ಲಿ ಮಲಗಿಲ್ಲವಲ್ಲ ಅಜ್ಜ?” ಎಂದರು.

“ಪೈಪಿನ ಮೇಸ್ತ್ರಿಯ ಜಾಗ ಖಾಲಿ ಇದೆ ಅಂತ ಕೇಳಿದೆ,” ಎಂದೆ. “ಸಂಬಳ ಬೇಡ. ಬಿಚ್ಚಲ್ಲ, ಮುಚ್ಚಲ್ಲ. ನೋಡಿ ಬರೆದಿಡ್ತೀನಿ, ಅಷ್ಟೆ.”

ಅವರು ಕನ್ನಡಕ ತೆಗೆದು ಡ್ರಾಯರಿಗೆ ಹಾಕಿದರು.

ನಾನೇ ಹೊಲಿದು ರಟ್ಟು ಕಟ್ಟಿದ ಒಂದು ಪುಸ್ತಕ ಅವರ ಮೇಜಿನ ಮೇಲಿಟ್ಟೆ. ಹಾಸಿಗೆಯ ಸಂಖ್ಯೆ, ದಿನ, ಕಂಡಿತು ಅಥವಾ ಕಾಣಲಿಲ್ಲ. ಕಂಡರೆ ಸೊಸೆ ಉಗ್ರಾಣಕ್ಕೆ ‘ಉಂಗುರ ಒಂದು’ ಎಂದು ಚೀಟಿ ಬರೆಯುತ್ತಾಳೆ. ಉಗ್ರಾಣದವನು ಕಾಲಿನಿಂದ ಡ್ರಾಯರ್ ಎಳೆಯುತ್ತಾನೆ. ಮಗ ಬುಧವಾರ ಬಂದು ಕೂರಿಸಿ ಹೋಗುತ್ತಾನೆ. ಇದು ಸರಿಯಾದ ವ್ಯವಸ್ಥೆಯಲ್ಲ ಎಂದು ಸೊಸೆ ಹೇಳುತ್ತಾಳೆ. “ನೀವು ಪುಕ್ಕಟೆ ಮಾಡಿದ್ರೆ ಆ ಜಾಗ ಅವರು ಎಂದೂ ತುಂಬಲ್ಲ ಮಾವ. ಕೆಲಸ ನಡೀತಿದೆಯಲ್ಲ ಅಂತಾರೆ.” ಅದೂ ನಿಜವೇ. ಹಾಗೆಂದು ಬಿಟ್ಟುಬಿಡಲೇ ಎಂದರೆ, ಬಿಡಿ ಎಂದೂ ಅವಳು ಹೇಳುವುದಿಲ್ಲ. ನಾಲ್ಕನೆಯ ಸಲ ಕಾಗದ ಬರೆದು ಕಳಿಸಿದ್ದಾಳೆ, ಈ ಸಲ ಪೈಪಿಗಲ್ಲ, ಮೇಸ್ತ್ರಿಗೆ. ಉತ್ತರ ಬಂತೇ ಎಂದರೆ, “ಕಾಣಲಿಲ್ಲ” ಎನ್ನುತ್ತಾಳೆ.